ಸಮ್ಮೇಳನಕ್ಕೆಂದು ವಿದೇಶಕ್ಕೆ ಹೊರಟವರ ಪ್ರಶ್ನೆಗಳು

ವಿದೇಶದ ವ್ಯಾಪಾರ ಸಮ್ಮೇಳನಗಳಿಗೆ ಪ್ರತಿನಿಧಿಗಳಾಗಿ ಹೋಗುವವರು ತಮ್ಮ ಪ್ರಯಾಣದ ಸಂದೇಹಗಳನ್ನು ಬರೆದು ಕಳಿಸಬೇಕೆಂದು ಕೇಳಿಕೊಂಡಿದ್ದೆವು. ಘಟ್ಟದ ಮೇಲಿನಿಂದಲೂ ಕರಾವಳಿಯಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ವಿಮಾನ ಹತ್ತುವ ಮೊದಲಿನ ಕಾಗದಪತ್ರಗಳ ಕುರಿತೇ ಇವೆ, ಮತ್ತು ಅದು ಸರಿಯಾಗಿಯೇ ಇದೆ. ಪಾಸ್‌ಪೋರ್ಟ್, ಆಮಂತ್ರಣ, ಟಿಕೆಟ್, ಬ್ಯಾಂಕಿನ ಲೆಕ್ಕ ಇವೆಲ್ಲವೂ ಒಬ್ಬನೇ ವ್ಯಕ್ತಿಯ ಬಗ್ಗೆ ಒಂದೇ ಮಾತನ್ನು ಹೇಳುವಂತಿದ್ದರೆ ಪ್ರಯಾಣದ ಮುಕ್ಕಾಲು ಪಾಲು ತೊಡಕು ಊರಿನಲ್ಲೇ ಪರಿಹಾರವಾಗುತ್ತದೆ. ಶುಲ್ಕ ಮತ್ತು ನಿಯಮಗಳು ಬದಲಾಗುತ್ತಿರುತ್ತವೆಯಾದ್ದರಿಂದ, ಅರ್ಜಿ ಹಾಕುವ ದಿನ ಆಯಾ ದೇಶದ ಅಧಿಕೃತ ಜಾಲತಾಣವನ್ನು ಇನ್ನೊಮ್ಮೆ ನೋಡಿಕೊಳ್ಳಬೇಕು.

ಪ್ರಶ್ನೆ: ನಮ್ಮ ಸಹಕಾರಿ ಸಂಘದಿಂದ ಮೂವರು ಬೆಳೆಗಾರರನ್ನು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಫೆಬ್ರವರಿಯಲ್ಲಿ ನಡೆಯುವ ಬಯೋಫಾಕ್ ಸಾವಯವ ಮೇಳಕ್ಕೂ ಅದರ ಜೊತೆಗಿನ ಸಮ್ಮೇಳನಕ್ಕೂ ಕಳಿಸಲು ತೀರ್ಮಾನವಾಗಿದೆ. ನಾವು ಅಡಿಕೆ, ಕಾಳುಮೆಣಸು, ಏಲಕ್ಕಿ ಬೆಳೆಯುವವರು. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಲ್ಲ. ನಮಗೆ ವೀಸಾ ಸಿಗುವುದು ಸಾಧ್ಯವೇ? ಅಲ್ಲಿಗೆ ತಲುಪಿದ ಮೇಲೆ ಏನೇನು ಗಮನಿಸಬೇಕು?
— ಸಂಘದ ಸದಸ್ಯರೊಬ್ಬರು, ಶಿರಸಿ

ಉತ್ತರ: ಖಂಡಿತ ಸಾಧ್ಯ. ರಿಟರ್ನ್ ಇಲ್ಲದಿರುವುದು ತಪ್ಪಲ್ಲ; ಅದು ಏಕೆ ಇಲ್ಲ ಎಂಬುದನ್ನು ಹೇಳದೆ ಬಿಡುವುದು ತೊಂದರೆಗೆ ಕಾರಣವಾಗುತ್ತದೆ. ನಿಮಗೆ ಬೇಕಾದದ್ದು ಷೆಂಗನ್ ವೀಸಾ, ಎಂದರೆ ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ, ಅದರಲ್ಲಿಯೂ ವ್ಯಾಪಾರದ ಉದ್ದೇಶಕ್ಕೆ ಕೊಡುವ ಅಲ್ಪಾವಧಿಯ ವೀಸಾ. ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು, 15 ದಿನಕ್ಕಿಂತ ತಡವಾಗಿ ಸಲ್ಲಿಸುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಹೋಗಬಹುದು. ಫೆಬ್ರವರಿಯ ಮೇಳಕ್ಕೆ ದಸರೆ ಕಳೆದ ಕೂಡಲೇ ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ದಿನ ಗೊತ್ತುಪಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬೆರಳಚ್ಚು ಕೊಡಲು ಮೂವರೂ ಖುದ್ದಾಗಿ ಹೋಗಬೇಕಾಗುತ್ತದೆ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ದಾಖಲೆಯಲ್ಲಿ ಉಳಿಯುತ್ತದೆ. 2024ರ ಜೂನ್‌ನಿಂದ ವಯಸ್ಕರ ವೀಸಾ ಶುಲ್ಕ 90 ಯೂರೋ. ಕೇಂದ್ರದ ಸೇವಾಶುಲ್ಕ ಇದಕ್ಕೆ ಪ್ರತ್ಯೇಕ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಷೆಂಗನ್ ಪ್ರದೇಶದಿಂದ ಹೊರಟ ಮೇಲೂ ಮೂರು ತಿಂಗಳ ಅವಧಿ ಉಳಿದಿರಬೇಕು, ಎರಡು ಪುಟಗಳಾದರೂ ಖಾಲಿ ಇರಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಂದ ವಿನಾಯಿತಿ ಇದೆ ಎಂಬುದು ನಮಗೆ ಗೊತ್ತಿರುವ ಸಂಗತಿಯಾದರೂ, ಅರ್ಜಿ ನೋಡುವ ಜರ್ಮನ್ ಅಧಿಕಾರಿಗೆ ಅದು ಗೊತ್ತಿರಲೇಬೇಕೆಂದಿಲ್ಲ. ಆದ್ದರಿಂದ ನಿಮ್ಮ ವಿವರಣಾ ಪತ್ರದಲ್ಲಿ ಅದನ್ನು ಎರಡೇ ವಾಕ್ಯದಲ್ಲಿ ಸ್ಪಷ್ಟವಾಗಿ ಬರೆದು, ಅದರ ಹಿಂದೆ ತೋಟದ ಪಹಣಿ, ಸಂಘದ ಮೂಲಕ ಮಾಡಿದ ಅಡಿಕೆ ಮತ್ತು ಮೆಣಸಿನ ವಿಕ್ರಿಯ ಪಟ್ಟಿಗಳು, ಬ್ಯಾಂಕಿನ ಮುದ್ರೆ ಬಿದ್ದ ಆರು ತಿಂಗಳ ಖಾತೆ ವಿವರ ಇವನ್ನು ಇದೇ ಕ್ರಮದಲ್ಲಿ ಜೋಡಿಸಿರಿ. ನಮ್ಮಲ್ಲಿ ಹಣ ತಿಂಗಳಿಗೊಮ್ಮೆ ಸಂಬಳದಂತೆ ಬರುವುದಿಲ್ಲ; ಅಡಿಕೆ ಕೊಟ್ಟಾಗ ಒಮ್ಮೆಲೇ ದೊಡ್ಡ ಮೊತ್ತ ಖಾತೆಗೆ ಬೀಳುತ್ತದೆ, ಮತ್ತೆ ಎಷ್ಟೋ ದಿನ ಏನೂ ಇರುವುದಿಲ್ಲ. ಈ ಏರಿಳಿತವನ್ನು ನೋಡಿದ ಪರಿಚಯವಿಲ್ಲದವರಿಗೆ, ವೀಸಾಕ್ಕೋಸ್ಕರ ಯಾರೋ ಕೈಗಡ ಕೊಟ್ಟ ಹಣ ಇದು ಎಂಬ ಅನುಮಾನ ಬರುವುದು ಸಹಜ. ಆ ಜಮೆಯ ತಾರೀಕಿಗೂ ಮೊತ್ತಕ್ಕೂ ಹೊಂದುವ ವಿಕ್ರಿ ಪಟ್ಟಿಯನ್ನು ಪಕ್ಕದಲ್ಲೇ ಇಟ್ಟರೆ ಅನುಮಾನಕ್ಕೆ ಎಡೆ ಉಳಿಯುವುದಿಲ್ಲ.

ಸಂಘವೇ ಖರ್ಚು ಭರಿಸುವುದಾದರೆ ಆಡಳಿತ ಮಂಡಳಿಯ ಠರಾವಿನ ಪ್ರತಿ ಬೇಕೇ ಬೇಕು. ಆ ಠರಾವಿನಲ್ಲಿ ಮೂವರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು, ಪ್ರಯಾಣದ ದಿನಾಂಕ ಇರಬೇಕು, ವಿಮಾನ, ವಸತಿ, ಊಟದ ವೆಚ್ಚದಲ್ಲಿ ಯಾವುದನ್ನು ಸಂಘ ಕೊಡುತ್ತದೆ ಎಂಬುದು ಬಿಡಿಸಿ ಬರೆದಿರಬೇಕು. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಇಲ್ಲಿ ಹೆಸರಿನ ಅಕ್ಷರಗಳ ವಿಷಯ ಬರುತ್ತದೆ. ಹೆಗಡೆ ಎಂಬ ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ 'ಜಿ' ಆದ ಮೇಲೆ 'ಎ' ಸೇರಿಸಿ ಬರೆಯುವವರೂ ಇದ್ದಾರೆ, ಸೇರಿಸದೆ ಬರೆಯುವವರೂ ಇದ್ದಾರೆ. ಭಟ್ಟರಲ್ಲಿ ಒಂದು 'ಟಿ'ಯವರೂ ಎರಡು 'ಟಿ'ಯವರೂ ಇದ್ದಾರೆ. ಪಹಣಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆಯಾಗಿದ್ದರೆ ಊರಿನಲ್ಲಿ ಯಾರೂ ಕೇಳುವುದಿಲ್ಲ, ಆದರೆ ವೀಸಾ ಕಡತದಲ್ಲಿ ಒಬ್ಬರೇ ಮೂವರು ಬೇರೆ ಬೇರೆ ಜನರಾಗಿ ಕಾಣುತ್ತಾರೆ. ಅನುವಾದ ಮಾಡಿಸುವಾಗಲೇ ಪಾಸ್‌ಪೋರ್ಟಿನ ಅಕ್ಷರಗಳನ್ನೇ ಎಲ್ಲ ಕಡೆ ಉಳಿಸಿಕೊಳ್ಳುವಂತೆ ಹೇಳಿ. ಇಂಗ್ಲಿಷಿನ ಮೂಲ ದಾಖಲೆಯಲ್ಲೇ ವ್ಯತ್ಯಾಸವಿದ್ದರೆ ಎರಡೂ ಬಗೆಯ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿಕೊಳ್ಳಿ. ಮೇಳದ ಪ್ರವೇಶಪತ್ರ ಮತ್ತು ಆಯೋಜಕರ ಪತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿದ್ದು, ಇಡೀ ಷೆಂಗನ್ ಪ್ರದೇಶಕ್ಕೆ, ಅಲ್ಲಿರುವ ಎಲ್ಲ ದಿನಗಳಿಗೆ ಅನ್ವಯಿಸಬೇಕು.

ತಲುಪಿದ ಮೇಲಿನದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿದೆ, ಅಲ್ಲಿಂದ ನ್ಯೂರೆಂಬರ್ಗ್‌ಗೆ ರೈಲಿನಲ್ಲಿ ಹೋಗುವುದು ಅನುಕೂಲ. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಗಣಕದಲ್ಲಿ ನೋಂದಾಯಿಸುವ ವ್ಯವಸ್ಥೆ ಆರಂಭವಾಗಿರುವುದರಿಂದ, ಸರತಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಬಹುದು. ವಿಮಾನ ಇಳಿಯುವ ಸಮಯಕ್ಕೂ ರೈಲಿನ ಸಮಯಕ್ಕೂ ಮೂರು ಗಂಟೆಯಾದರೂ ಅಂತರವಿರಲಿ. ಗಡಿ ಅಧಿಕಾರಿ ಆಮಂತ್ರಣ, ವಸತಿ, ವಿಮೆ, ಹಿಂತಿರುಗುವ ಟಿಕೆಟ್ ಕೇಳಬಹುದು. ಅವುಗಳ ಮುದ್ರಿತ ಪ್ರತಿ ಕೈಚೀಲದಲ್ಲಿರಬೇಕೇ ಹೊರತು ವಿಮಾನದ ಹೊಟ್ಟೆಗೆ ಹೋದ ಪೆಟ್ಟಿಗೆಯಲ್ಲಲ್ಲ. ಮೇಳದ ದಿನಗಳಲ್ಲಿ ನ್ಯೂರೆಂಬರ್ಗ್‌ನ ಹೋಟೆಲುಗಳು ಬಲು ದುಬಾರಿಯಾಗುತ್ತವೆ. ಪಕ್ಕದ ಫ್ಯೂರ್ಟ್ ಪಟ್ಟಣದಲ್ಲಿ ಉಳಿದುಕೊಂಡರೆ, ಯು1 ಎಂಬ ಸುರಂಗ ರೈಲು ಅಲ್ಲಿಂದ ನ್ಯೂರೆಂಬರ್ಗ್ ಮುಖ್ಯ ನಿಲ್ದಾಣದ ಮೂಲಕ ಮೇಳದ ಬಾಗಿಲಿಗೇ, 'ಮೆಸ್ಸೆ' ಎಂಬ ನಿಲ್ದಾಣಕ್ಕೆ, ನಡುವೆ ಬದಲಿಸದೆ ಕರೆದೊಯ್ಯುತ್ತದೆ. ಫೆಬ್ರವರಿಯಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ಆದ್ದರಿಂದ ಒಳಗೊಂದು ಉಣ್ಣೆ ಬನಿಯನ್, ಜಾರದ ಅಡಿಯಿರುವ ಬೂಟು ಇಲ್ಲದೆ ಹೋಗಬಾರದು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸಸ್ಯಾಹಾರಿಗಳು ಶನಿವಾರವೇ ಬ್ರೆಡ್ಡು, ಹಣ್ಣು, ಮೊಸರು ತಂದಿಟ್ಟುಕೊಳ್ಳಬೇಕು.

ಪ್ರಶ್ನೆ: ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದೆ, ಅಡ್ಡಹೆಸರಿನ ಸ್ಥಳ ಖಾಲಿ ಇದೆ. ದುಬೈನಲ್ಲಿ ಮೀನು ರಫ್ತುದಾರರ ಸಭೆಗೆ ಹೋಗಬೇಕಾಗಿದೆ. ಇದರಿಂದ ತೊಂದರೆ ಇದೆಯೇ?
— ಓದುಗರು, ಭಟ್ಕಳ

ಉತ್ತರ: ಇದೆ, ಮತ್ತು ಇದನ್ನು ಈಗಲೇ ಕೇಳಿದ್ದು ಒಳ್ಳೆಯದಾಯಿತು. ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರ್‌ನಿಂದ, ಹೆಸರು ಮತ್ತು ಅಡ್ಡಹೆಸರು ಎರಡೂ ಸೇರಿ ಒಂದೇ ಪದವಿರುವ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾದಲ್ಲಿ ಪ್ರವೇಶ ಕೊಡುವುದಿಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಅದನ್ನು ಪರಿಗಣಿಸುತ್ತಾರಾದರೂ, ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಅದನ್ನು ಒಪ್ಪಿಸುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಮೇಲು. ಅಡ್ಡಹೆಸರು ಸೇರಿಸಿ ಪಾಸ್‌ಪೋರ್ಟನ್ನು ಮರುವಿತರಣೆ ಮಾಡಿಸಿಕೊಳ್ಳಿ. ಆನ್‌ಲೈನಿನಲ್ಲಿ ಅರ್ಜಿ ತುಂಬಿ ಹುಬ್ಬಳ್ಳಿ ಅಥವಾ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಪಡೆಯಬಹುದು. ನಿಮಗೆ ಮಂಗಳೂರು ಹತ್ತಿರ. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್‌ಗೆ ಮೇಲೆ 2,000 ರೂಪಾಯಿ. ಮೊದಲು ಆಧಾರ್ ಮತ್ತು ಪ್ಯಾನ್‌ನಲ್ಲಿ ಹೆಸರು ಸರಿಪಡಿಸಿಕೊಂಡು ಆಮೇಲೆ ಪಾಸ್‌ಪೋರ್ಟಿಗೆ ಹೋಗಬೇಕು, ಅದಾದ ಮೇಲೆಯೇ ವೀಸಾ ಮತ್ತು ಟಿಕೆಟ್. ಈ ಸರದಿ ತಪ್ಪಿದರೆ ಒಂದನ್ನು ತಿದ್ದಲು ಹೋಗಿ ಇನ್ನೊಂದು ಹೊಂದದಾಗುತ್ತದೆ.

ನೀವು ಕೇಳದ ಒಂದು ಸಂಗತಿಯನ್ನೂ ಒತ್ತಿ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಪಾಯಸಕ್ಕೆ ಬಳಸುವ ಗಸಗಸೆ ಕೊಲ್ಲಿ ದೇಶಗಳಲ್ಲಿ ನಿಷಿದ್ಧ. ಅಲ್ಲಿ ಅದನ್ನು ಅಡುಗೆ ಸಾಮಾನೆಂದು ನೋಡುವುದಿಲ್ಲ, ಮಾದಕವಸ್ತುವಿನ ಸಾಲಿನಲ್ಲಿ ನೋಡುತ್ತಾರೆ. ಯಾರೋ ನೆಂಟರಿಗೆ ಕೊಡಿ ಎಂದು ಕೊಟ್ಟ ಮಸಾಲೆ ಪೊಟ್ಟಣದಲ್ಲಿಯೂ ಅದು ಇರಬಹುದು. ಕವಳದ ಸಾಮಾನು, ವೀಳ್ಯದೆಲೆಗಳನ್ನೂ ಒಯ್ಯಬೇಡಿ. ಕೊಡೀನ್, ಟ್ರಮಡಾಲ್‌ನಂತಹ ಅಂಶವಿರುವ ಕೆಮ್ಮಿನ ಔಷಧ ಮತ್ತು ನೋವಿನ ಮಾತ್ರೆಗಳಿಗೆ ಆ ದೇಶದ ಆರೋಗ್ಯ ಸಚಿವಾಲಯದ ಪೂರ್ವಾನುಮತಿ ಬೇಕು. ಉಳಿದ ಔಷಧಗಳನ್ನು ಡಬ್ಬಿಗೆ ಸುರಿದುಕೊಳ್ಳದೆ, ಅವು ಬಂದ ಮೂಲ ಪೊಟ್ಟಣದಲ್ಲಿಯೇ ವೈದ್ಯರ ಚೀಟಿಯ ಸಮೇತ ಇಟ್ಟುಕೊಳ್ಳಬೇಕು.

ಪ್ರಶ್ನೆ: ನಮ್ಮದು ಗೇರುಬೀಜ ಸಂಸ್ಕರಣೆಯ ಸಣ್ಣ ಕಾರ್ಖಾನೆ. ಜುಲೈನಲ್ಲಿ ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಗೇರು ಉದ್ಯಮದ ಸಮ್ಮೇಳನವಿದೆ. ಆ ಹೊತ್ತಿಗೆ ಇಲ್ಲಿ ಮಳೆ ಜೋರು. ಊರಿನಿಂದ ಎಷ್ಟು ಮೊದಲು ಹೊರಡಬೇಕು? ಗೋವಾದಿಂದ ವಿಮಾನ ಹಿಡಿಯಬಹುದೇ? ಮುಂದೆ ಕಚ್ಚಾ ಬೀಜದ ಖರೀದಿಗೆ ಐವರಿ ಕೋಸ್ಟ್‌ಗೂ ಹೋಗುವ ವಿಚಾರವಿದೆ.
— ಕಾರ್ಖಾನೆ ಮಾಲೀಕರು, ಕುಮಟಾ

ಉತ್ತರ: ಗೇರುಬೀಜ ಸಂಸ್ಕರಣೆಯಲ್ಲಿ ವಿಯೆಟ್ನಾಂ ಜಗತ್ತಿಗೇ ಮುಂದಿರುವ ದೇಶವಾದ್ದರಿಂದ ಈ ಪ್ರಯಾಣ ನಿಮಗೆ ಪ್ರಯೋಜನಕರವಾಗಲಿದೆ. ಅಲ್ಲಿನ ವೀಸಾ ಸುಲಭ: ಸರ್ಕಾರಿ ಜಾಲತಾಣದಲ್ಲಿಯೇ ಇ-ವೀಸಾಕ್ಕೆ ಅರ್ಜಿ ಹಾಕಬಹುದು, ಗರಿಷ್ಠ 90 ದಿನಗಳ ಅವಧಿಗೆ ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50 ಡಾಲರ್. ಹೋಲುವ ಹೆಸರಿನ ಖಾಸಗಿ ತಾಣಗಳು ಇದಕ್ಕೆ ಹಲವು ಪಟ್ಟು ಹಣ ಕೇಳುತ್ತವೆ, ಎಚ್ಚರ. ಹೆಸರಿನಲ್ಲಾಗಲಿ ಹುಟ್ಟಿದ ದಿನಾಂಕದಲ್ಲಾಗಲಿ ಒಂದಕ್ಷರ ತಪ್ಪಿದರೂ ಹೊಸ ಅರ್ಜಿ, ಹೊಸ ಶುಲ್ಕ.

ಕಷ್ಟವಿರುವುದು ಕುಮಟಾದಿಂದ ವಿಮಾನ ನಿಲ್ದಾಣದವರೆಗಿನ ದಾರಿಯಲ್ಲಿ. 2024ರ ಜುಲೈ 10ರ ಸುಮಾರಿಗೆ ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ಉಕ್ಕಿ ಕೊಂಕಣ ರೈಲು ನಿಂತಿತು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಗಿ ಹೆದ್ದಾರಿ 66 ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿತು. ಒಂದು ತಿಂಗಳ ಒಳಗೆ ರೈಲು, ರಸ್ತೆ, ಸೇತುವೆ ಮೂರೂ ಕೈಕೊಟ್ಟ ಆ ವರ್ಷವನ್ನು ಅಪರೂಪದ್ದೆಂದು ಬದಿಗಿಡುವ ಧೈರ್ಯ ನನಗಿಲ್ಲ. ದೇವಿಮನೆ ಘಟ್ಟ, ಅರೆಬೈಲ್ ಘಟ್ಟಗಳಲ್ಲಿ ಮರ ಬಿದ್ದು, ಮಣ್ಣು ಜಾರಿ ಸಂಚಾರ ನಿಲ್ಲುವುದಂತೂ ಮಳೆಗಾಲದ ನಿತ್ಯದ ಸುದ್ದಿ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದೇಶದ ವಿಮಾನವಿರುವ ಊರನ್ನು, ವಿಮಾನ ಹೊರಡುವ ಹಿಂದಿನ ದಿನದ ಬೆಳಿಗ್ಗೆಯೊಳಗೆ ಸೇರಿಕೊಂಡಿರಬೇಕು. ಒಂದು ರಾತ್ರಿಯ ವಸತಿಯ ವೆಚ್ಚ ತಪ್ಪಿದ ಟಿಕೆಟಿನ ಬೆಲೆಗಿಂತ ಎಷ್ಟೋ ಕಡಿಮೆ. ಕಾರವಾರದಿಂದ ಬೆಂಗಳೂರಿಗೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾದಲ್ಲೂ ಸಿಗುತ್ತದೆ; ಮಳೆಗಾಲದಲ್ಲಿ ಕೊಂಕಣ ರೈಲಿಗೆ ಬೇರೆಯದೇ ವೇಳಾಪಟ್ಟಿ ಇರುತ್ತದೆ ಎಂಬುದು ನೆನಪಿರಲಿ.

ಗೋವಾದಿಂದ ಹೊರಡುವುದಾದರೆ ಟಿಕೆಟಿನ ಮೇಲಿನ ಮೂರು ಅಕ್ಷರಗಳನ್ನು ಓದಿಕೊಳ್ಳಿ. 'ಜಿಒಐ' ಎಂದರೆ ದಾಬೋಲಿಂ, ಅದು ದಕ್ಷಿಣದಲ್ಲಿದ್ದು ನಮಗೆ ಹತ್ತಿರ. 'ಜಿಒಎಕ್ಸ್' ಎಂದರೆ 2023ರ ಜನವರಿಯಲ್ಲಿ ಸಂಚಾರ ಆರಂಭಿಸಿದ ಮೋಪಾ. ಅದು ಉತ್ತರದ ತುದಿಯ ಪೆರ್ನೆಂ ತಾಲೂಕಿನಲ್ಲಿದೆ, ಇಡೀ ಗೋವಾವನ್ನು ದಾಟಿ ಹೋಗಬೇಕು. ದೇಶದೊಳಗಿನ ವಿಮಾನ ಮತ್ತು ವಿದೇಶದ ವಿಮಾನ ಎರಡನ್ನೂ ಒಂದೇ ಟಿಕೆಟಿನಲ್ಲಿ ಕೊಳ್ಳಿ. ಬೇರೆ ಬೇರೆ ಕೊಂಡಿದ್ದರೆ ಮೊದಲನೆಯದು ತಡವಾದಾಗ ಎರಡನೆಯದರ ಹೊಣೆಯನ್ನು ಯಾರೂ ಹೊರುವುದಿಲ್ಲ.

ಐವರಿ ಕೋಸ್ಟ್‌ಗೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಅದನ್ನು ಕೊಡುತ್ತಾರೆ, ಚುಚ್ಚಿಸಿಕೊಂಡ 10 ದಿನದ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಮರಳಿದವರನ್ನು ಭಾರತದಲ್ಲಿಯೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಪ್ರಶ್ನೆ: ಹಣವನ್ನು ಎಷ್ಟು ನಗದಾಗಿ, ಎಷ್ಟು ಕಾರ್ಡಿನಲ್ಲಿ ಒಯ್ಯಬೇಕು? ಬ್ಯಾಂಕಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ವ್ಯಾಪಾರಸ್ಥರು, ಕಾರವಾರ

ಉತ್ತರ: ನೀವು ಸ್ವಂತ ಹೆಸರಿನ ವ್ಯಾಪಾರಸ್ಥರೋ ಕಂಪನಿಯ ಪರವಾಗಿ ಹೋಗುವವರೋ ಎಂಬುದರ ಮೇಲೆ ಲೆಕ್ಕ ಬೇರೆಯಾಗುತ್ತದೆ, ಬ್ಯಾಂಕಿನವರ ಮಾತುಗಳಲ್ಲಿ ವ್ಯತ್ಯಾಸ ಕಾಣುವುದಕ್ಕೆ ಬಹುಶಃ ಇದೇ ಕಾರಣ. ಕಂಪನಿಯೇ ನೌಕರನ ಪ್ರಯಾಣ ವೆಚ್ಚ ಭರಿಸಿದರೆ ಅದು ಕಂಪನಿಯ ಲೆಕ್ಕಕ್ಕೆ ಹೋಗುತ್ತದೆ. ವ್ಯಕ್ತಿಯಾಗಿ ಹೋಗುವವರಿಗೆ ವಿದೇಶಕ್ಕೆ ಹಣ ಕಳಿಸಲು, ಒಯ್ಯಲು ಇರುವ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ ಎಲ್ಲ ಉದ್ದೇಶಗಳೂ ಸೇರಿ 2,50,000 ಡಾಲರ್ ಮಿತಿ ಇದೆ. ಈ ಮಿತಿಯೊಳಗೆ ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣದಲ್ಲಿ 3,000 ಡಾಲರಿಗೆ ಸಮನಾದಷ್ಟನ್ನು ಮಾತ್ರ ವಿದೇಶಿ ನೋಟುಗಳಾಗಿ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿರಬೇಕು. ನೋಟು ಕೊಳ್ಳುವಾಗ 50,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡುವಂತಿಲ್ಲ, ಖಾತೆಯ ಮೂಲಕವೇ ಪಾವತಿಸಬೇಕು. ಭಾರತದ ರೂಪಾಯಿಯನ್ನು ಜೊತೆಗೆ 25,000ದವರೆಗೆ ಇಟ್ಟುಕೊಳ್ಳಬಹುದು. ನಮ್ಮ ಜಿಲ್ಲೆಯ ಶಾಖೆಗಳಲ್ಲಿ ಕೇಳಿದ ಕೂಡಲೇ ಯೂರೋ ನೋಟು ಸಿಗುವುದು ಕಷ್ಟ, ಆದ್ದರಿಂದ ಹತ್ತು ದಿನ ಮೊದಲೇ ತಿಳಿಸಿ. ಮರಳಿ ಬಂದ ಮೇಲೆ 2,000 ಡಾಲರಿಗಿಂತ ಹೆಚ್ಚು ಉಳಿದಿದ್ದರೆ ಹೆಚ್ಚಾದದ್ದನ್ನು 180 ದಿನದೊಳಗೆ ಬ್ಯಾಂಕಿಗೆ ಮಾರಬೇಕು.

ಡೆಬಿಟ್, ಕ್ರೆಡಿಟ್ ಕಾರ್ಡುಗಳು 2020ರ ನಿಯಮದ ಪ್ರಕಾರ ದೇಶದೊಳಗಿನ ಬಳಕೆಗಷ್ಟೇ ತೆರೆದಿರುತ್ತವೆ; ವಿದೇಶದ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಬೇಕು. ಒಟಿಪಿ ಬರುವುದು ಊರಿನ ಸಿಮ್ಮಿಗೇ, ಹಾಗಾಗಿ ಅಲ್ಲಿನ ಸಿಮ್ ಕೊಂಡರೂ ನಮ್ಮದರ ರೋಮಿಂಗ್ ಚಾಲೂ ಇರಲಿ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರೋ ಯೂರೋದಲ್ಲಿ ಕೊಡುತ್ತೀರೋ ಎಂದು ಕೇಳಿದಾಗ ಯಾವಾಗಲೂ ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಸುಮ್ಮನೆ ನಷ್ಟವಾಗುತ್ತದೆ.

ಪ್ರಶ್ನೆ: ಸಮ್ಮೇಳನದಲ್ಲಿ ತೋರಿಸಲು ಮೆಣಸು, ಏಲಕ್ಕಿ, ಕೋಕಂ ಸ್ಯಾಂಪಲ್ಲುಗಳನ್ನು, ಊಟಕ್ಕೆ ಒಂದಷ್ಟು ಮನೆಯ ತಿಂಡಿಯನ್ನು ಯುರೋಪಿಗೆ ಒಯ್ಯಬಹುದೇ?
— ಮಹಿಳಾ ಸ್ವಸಹಾಯ ಸಂಘದ ಸದಸ್ಯೆ, ಸಿದ್ದಾಪುರ

ಉತ್ತರ: ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಪ್ರಯಾಣಿಕರು ಒಯ್ಯುವಂತಿಲ್ಲ. ತುಪ್ಪ, ಪೇಡೆ, ಖೋವಾದ ಸಿಹಿ ಎಲ್ಲವೂ ಇದರಲ್ಲಿ ಸೇರುತ್ತವೆ. ತಾಜಾ ಹಣ್ಣು, ತರಕಾರಿ, ಸೊಪ್ಪು, ಬಿತ್ತನೆ ಬೀಜಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸು, ತೆಂಗಿನಕಾಯಿ, ಬಾಳೆ, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಲಸಿನ ಹಪ್ಪಳ, ಚಟ್ನಿಪುಡಿ, ಅವಲಕ್ಕಿ ಧಾರಾಳವಾಗಿ ಇಟ್ಟುಕೊಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಭದ್ರವಾಗಿ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಕು, ಕೈಚೀಲದಲ್ಲಿ ಬೇಡ.

ಸ್ಯಾಂಪಲ್ಲುಗಳ ವಿಷಯದಲ್ಲಿ ಪ್ರಮಾಣವೇ ಮುಖ್ಯ. ಪ್ರಯಾಣಿಕರ ಚೀಲದಲ್ಲಿ ಹತ್ತಾರು ಕಿಲೋ ಮೆಣಸು ಕಂಡರೆ ಅದನ್ನು ವ್ಯಾಪಾರದ ಸರಕೆಂದೇ ಭಾವಿಸುತ್ತಾರೆ. ಚೆನ್ನಾಗಿ ಒಣಗಿಸಿ, ಸಣ್ಣ ಪೊಟ್ಟಣಗಳಲ್ಲಿ ಸೀಲು ಮಾಡಿ, ಪದಾರ್ಥದ ಹೆಸರು, ತೂಕ, ಸಂಘದ ವಿಳಾಸ, 'ಮಾರಾಟಕ್ಕಲ್ಲದ ಮಾದರಿ' ಎಂಬ ಮಾತು ಇರುವ ಚೀಟಿಯನ್ನು ಇಂಗ್ಲಿಷಿನಲ್ಲಿ ಅಂಟಿಸಿ, ಎಲ್ಲದರ ಬೆಲೆ ನಮೂದಿಸಿದ ಒಂದು ಪಟ್ಟಿಯನ್ನು ಜೊತೆಗಿಡಿ. ಹೆಚ್ಚು ಬೇಕಾದರೆ ಮೇಳದ ಆಯೋಜಕರು ಗೊತ್ತುಮಾಡಿದ ಸರಕು ಸಾಗಣೆದಾರರ ಮೂಲಕ ಮುಂಚಿತವಾಗಿ ಕಳಿಸುವುದೇ ಸರಿಯಾದ ದಾರಿ. ಅಲ್ಲಿ ಮಾತುಕತೆ ನಡೆಸಿ ಆರ್ಡರ್ ಪಡೆಯಬಹುದು, ಆದರೆ ಮಾದರಿಗಳನ್ನು ಹಣಕ್ಕೆ ಮಾರಬಾರದು. ಹೊರಡುವ ಮೊದಲು ನಿಮ್ಮ ಮೂರು ಪದಾರ್ಥಗಳ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ನಾಲ್ಕು ವಾಕ್ಯ ಬರೆದು ಬಾಯಿಪಾಠ ಮಾಡಿಕೊಳ್ಳಿ. ಬೆಳೆ ಬೆಳೆದವರೇ ಎದುರು ನಿಂತು ಹೇಳುವ ಮಾತಿಗೆ ಖರೀದಿದಾರರು ಕೊಡುವ ಬೆಲೆ ಬೇರೆಯೇ, ಭಾಷೆಯ ಅಳುಕಿನಿಂದ ಅದನ್ನು ಕಳೆದುಕೊಳ್ಳಬಾರದು.

ಪ್ರಶ್ನೆ: ವಿದೇಶದ ಒಂದು ಸಮ್ಮೇಳನಕ್ಕೆ ಇ-ಮೇಲ್ ಆಮಂತ್ರಣ ಬಂದಿದೆ. ವಿಮಾನದ ಖರ್ಚು ಅವರದಂತೆ, ಹೋಟೆಲಿನ ಮುಂಗಡವನ್ನು ಮಾತ್ರ ನಾನು ಕಳಿಸಬೇಕಂತೆ. ನಂಬಬಹುದೇ?
— ಓದುಗರು, ಹೊನ್ನಾವರ

ಉತ್ತರ: ದಯವಿಟ್ಟು ಹಣ ಕಳಿಸಬೇಡಿ. ವಿಮಾನದ ದೊಡ್ಡ ಖರ್ಚನ್ನು ತಾವು ಕೊಟ್ಟು ಹೋಟೆಲಿನ ಸಣ್ಣ ಮೊತ್ತವನ್ನು ನಿಮ್ಮಿಂದ ಕೇಳುವುದು ಮೋಸದ ಹಳೆಯ ವಿಧಾನ. ನಿಜವಾದ ಆಯೋಜಕರಿಗೆ ಸ್ವಂತ ಜಾಲತಾಣ, ಸಭಾಂಗಣದ ವಿಳಾಸ, ಭಾಷಣಕಾರರ ಪಟ್ಟಿ ಇರುತ್ತವೆ. ಆ ಸಭಾಂಗಣದ ಜಾಲತಾಣವನ್ನು ನೀವೇ ಹುಡುಕಿ, ಅದೇ ದಿನಾಂಕಕ್ಕೆ ಅಂತಹ ಕಾರ್ಯಕ್ರಮ ಇದೆಯೇ ಎಂದು ಬರೆದು ಕೇಳಿ. ಇ-ಮೇಲ್‌ನಲ್ಲಿ ಕೊಟ್ಟ ದೂರವಾಣಿಗೆ ಕರೆ ಮಾಡಿದರೆ ಉತ್ತರಿಸುವವರು ಅವರೇ ಆಗಿರುತ್ತಾರೆ. ಪಾಸ್‌ಪೋರ್ಟಿನ ಪ್ರತಿಯನ್ನು ಈಗಾಗಲೇ ಕಳಿಸಿದ್ದರೆ ಆ ಪತ್ರವ್ಯವಹಾರವನ್ನು ಅಳಿಸದೆ ಇಟ್ಟುಕೊಳ್ಳಿ. ಹಣವನ್ನೂ ಕಳಿಸಿಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸೈಬರ್ ಸಹಾಯವಾಣಿಗೂ ತಿಳಿಸಬೇಕು.

ಪ್ರಶ್ನೆ: ಪವರ್ ಬ್ಯಾಂಕ್ ಮತ್ತು ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲವೆಂದು ಕೇಳಿದೆ, ನಿಜವೇ?
— ವಿದ್ಯಾರ್ಥಿ ಪ್ರತಿನಿಧಿ, ಅಂಕೋಲಾ

ಉತ್ತರ: ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಮಾತ್ರ ಇಟ್ಟುಕೊಳ್ಳಬೇಕು, 100 ವಾಟ್-ಅವರ್ ಮೀರಿರಬಾರದು, ಸಾಮಾನ್ಯವಾದ 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. ಎಣ್ಣೆಯ ಅಂಶದಿಂದ ಬೆಂಕಿ ಹಿಡಿಯಬಲ್ಲದ್ದೆಂಬ ಕಾರಣಕ್ಕೆ ಒಣ ಕೊಬ್ಬರಿ 2022ರಿಂದ ನಿಷೇಧದ ಪಟ್ಟಿಯಲ್ಲಿದೆ. ಚಾರ್ಜರಿನ ಮಟ್ಟಿಗೆ, ನಮ್ಮ ಎರಡು ಕಡ್ಡಿಯ ಪ್ಲಗ್ಗು ಜರ್ಮನಿಯಲ್ಲಿ ಸಾಮಾನ್ಯವಾಗಿ ನಡೆಯುತ್ತದೆ, ದುಬೈಗೆ ಮೂರು ಚಪ್ಪಟೆ ಕಡ್ಡಿಯ ಅಡಾಪ್ಟರ್ ಬೇಕಾಗುತ್ತದೆ.